ಅಕ್ಕನ ನಾಯಿಗೆ ಉಣಿಸಿದ್ದು

ನನಗೆ ನಾಯಿಯೆಂದರೆ ಮೊದಲಿನಿಂದಲೂ ಹೆದರಿಕೆ. ಚಿಕ್ಕವಳಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ನಾಯಿ ಹಿಂದಿನಿಂದ ಬಂದು ನನ್ನ ಮೀನಖಂಡಕ್ಕೆ ಬಾಯಿ ಹಾಕಿತ್ತು. ಆಮೇಲೆ ಹೊಕ್ಕುಳ ಸುತ್ತ ಚುಚ್ಚಿದ ಇಂಜೆಕ್ಷನ್ನುಗಳ ನೋವು ಮರೆತಿದೆ, ಆ ಹಲ್ಲು ತಾಗಿದ ಕ್ಷಣ ಮರೆತಿಲ್ಲ. ಕಾಪುವಿನಲ್ಲಿ ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಬ್ಲೌಸ್ ಅಳತೆ ಕೊಡಲು ಬರುವವರ ಹಿಂದೆ ಬೀದಿಯ ನಾಯಿಯೊಂದು ಬಂದರೂ ಸಾಕು, ಮೊದಲು ಗೇಟು ಹಾಕಿಸಿಯೇ ಟೇಪು ಕೈಗೆತ್ತಿಕೊಳ್ಳುವುದು.

ನನ್ನ ಅಕ್ಕ ಇದಕ್ಕೆ ತದ್ವಿರುದ್ಧ. ಅವಳಿರುವುದು ಕಾರ್ಕಳದಲ್ಲಿ. ಮದುವೆಯಾಗಲಿಲ್ಲ, ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಅಮ್ಮ ತೀರಿಕೊಂಡಾಗ ನಾನಿನ್ನೂ ಲಂಗ ಹಾಕುತ್ತಿದ್ದ ಹುಡುಗಿ. ನನ್ನ ಜಡೆ ಹೆಣೆದದ್ದು, ನನ್ನನ್ನು ಹೊಲಿಗೆ ಕಲಿಯಲು ಕಳುಹಿಸಿದ್ದು, ಗಂಡು ನೋಡಿ ಮದುವೆ ಮಾಡಿಸಿದ್ದು ಎಲ್ಲ ಅವಳೇ. ಅವಳ ಮನೆಯಲ್ಲಿ ಒಂದು ನಾಯಿ ಇತ್ತು. ಪಾಮೆರೇನಿಯನ್ನಿಗೂ ಊರ ನಾಯಿಗೂ ಹುಟ್ಟಿದ, ಬಿಳಿ ಕೂದಲಿನ, ಸಣ್ಣ ಮೋರೆಯ ಮುದಿ ನಾಯಿ. ನಾನು ಕಾರ್ಕಳಕ್ಕೆ ಹೋದರೆ ಅಕ್ಕ ಅದನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿ, "ಬಾ ಮಾರಾಯ್ತಿ ಒಳಗೆ, ನಿನ್ನ ಹುಲಿಯನ್ನು ಕಟ್ಟಿದ್ದೇನೆ," ಎಂದು ನಗುತ್ತಿದ್ದಳು.

ಮೊನ್ನೆಯ ಡಿಸೆಂಬರಿನಲ್ಲಿ ಅಕ್ಕ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಪಕ್ಕದ ಮನೆಯವರು ಫೋನು ಮಾಡಿ ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೆ ಕರೆತರುತ್ತಿದ್ದೇವೆ ಎಂದರು. ನಾನೂ ನನ್ನ ಗಂಡನೂ ಆಸ್ಪತ್ರೆ ತಲುಪುವಾಗ ಅವಳನ್ನು ಇನ್ನೂ ಸ್ಟ್ರೆಚರಿನಲ್ಲೇ ಮಲಗಿಸಿದ್ದರು. ಸೊಂಟದ ಮೂಳೆ ಮುರಿದಿದೆ ಎಂದು ಡಾಕ್ಟರು ಹೇಳಿದರು. ನೋವಿಗೆ ಮುಖವೆಲ್ಲ ಬೆವರಿತ್ತು. ನನ್ನ ಕೈ ಹಿಡಿದು ಅವಳು ಹೇಳಿದ ಮೊದಲ ಮಾತು, "ನಾಯಿ ಒಳಗೇ ಉಂಟು. ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿದೆ. ನೀನು ಕರ್ಕೊಂಡು ಹೋಗು."

"ನಾನಾ?"

"ಮತ್ತೆ ಯಾರು? ಪಕ್ಕದವರಿಗೆ ಅದು ಬಗ್ಗುವುದಿಲ್ಲ."

ಅವಳ ಮಾತಿಗೆ ಎದುರಾಡಿ ನನಗೆ ಅಭ್ಯಾಸವಿಲ್ಲ. ಆ ಸಂಜೆಯೇ ಕಾರ್ಕಳಕ್ಕೆ ಹೋಗಿ ಅದನ್ನು ಗಂಡನ ಅಂಗಡಿಯ ವ್ಯಾನಿನ ಹಿಂದೆ ಹತ್ತಿಸಿದೆವು. ಹತ್ತಿಸಿದ್ದು ನನ್ನ ಗಂಡ. ಅವರ ಮೇಲೆ ಅದು ಗುರ್ರೆನ್ನುತ್ತಲೇ ಇತ್ತು. ಪಡುಬಿದ್ರಿ ದಾಟಿ ಉಚ್ಚಿಲ ಬರುವವರೆಗೂ ನಾನು ಮುಂದಿನ ಸೀಟಿನಲ್ಲಿ ಕತ್ತು ತಿರುಗಿಸದೆ ಕೂತಿದ್ದೆ.

ಮನೆಗೆ ತಂದ ಮೇಲೆ ಗೊತ್ತಾದದ್ದು, ಅದರ ಬಾಯಿ ನಾರುತ್ತಿತ್ತು. ನಾಯಿಯೆಂದರೆ ಹೀಗೇ ಇರಬೇಕೇನೋ ಎಂದುಕೊಂಡೆ. ಅನ್ನ ಮೀನು ಕಲಸಿ ಬಟ್ಟಲನ್ನು ಕೋಲಿನಿಂದ ಅದರತ್ತ ತಳ್ಳಿ ದೂರ ನಿಲ್ಲುತ್ತಿದ್ದೆ. ಅದು ತಲೆಯನ್ನು ಒಂದು ಬದಿಗೆ ವಾಲಿಸಿ ಒಂದೇ ಕಡೆಯಿಂದ ಜಗಿಯುತ್ತಿತ್ತು. ಅಗಿದದ್ದರಲ್ಲಿ ಅರ್ಧ ಕೆಳಗೆ ಬೀಳುತ್ತಿತ್ತು. ಒಂದು ದಿನ ಬಟ್ಟಲು ತೊಳೆಯಲು ಎತ್ತಿದರೆ ಉಳಿದ ಅನ್ನ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ನೋಡಿದರೆ ಬಲಗಣ್ಣಿನ ಕೆಳಗೆ ನೆಲ್ಲಿಕಾಯಿಯಷ್ಟು ಬಾವು.

ಉಡುಪಿಯಲ್ಲಿ ನಾಯಿ ಬೆಕ್ಕುಗಳನ್ನು ನೋಡುವ ಒಬ್ಬ ಡಾಕ್ಟರಮ್ಮ ಇದ್ದಾರೆ ಎಂದು ನನ್ನ ಗಿರಾಕಿಯೊಬ್ಬರು ಹೇಳಿದರು. ಅಲ್ಲಿಗೆ ಒಯ್ದೆವು. ವಯಸ್ಸಿನಲ್ಲಿ ಸಣ್ಣವರು, ಮಾತು ನಿಧಾನ. ಸಹಾಯಕಿಯೊಬ್ಬಳು ನಾಯಿಯ ತಲೆ ಹಿಡಿದುಕೊಂಡಳು, ಡಾಕ್ಟರು ತುಟಿ ಎತ್ತಿ ನೋಡಿದರು. ಎಕ್ಸ್‌ರೇ ತೆಗೆದರು, ರಕ್ತ ಪರೀಕ್ಷೆ ಮಾಡಿದರು.

"ಆಂಟಿ, ಮೇಲಿನ ದವಡೆ ಹಲ್ಲಿನ ಬೇರಿನಲ್ಲಿ ಕೀವು ತುಂಬಿದೆ. ಅದೇ ಕಣ್ಣಿನ ಕೆಳಗೆ ಬಾವು ಬಂದದ್ದು. ಕೆಳಗಿನ ಹಲ್ಲುಗಳೂ ಅಲುಗಾಡ್ತವೆ. ಇಲ್ಲಿ ನೋಡಿ," ಎಂದು ಎಕ್ಸ್‌ರೇಯಲ್ಲಿ ಒಂದು ಕಡೆ ಬೆರಳಿಟ್ಟರು. "ಕೆಳದವಡೆಯ ಮೂಳೆ ಎಷ್ಟು ತೆಳು ಆಗಿದೆ ಅಲ್ವಾ? ಹೀಗೇ ಬಿಟ್ಟರೆ ಏನಾದರೂ ಗಟ್ಟಿ ಕಚ್ಚಿದಾಗ ದವಡೆಯೇ ಮುರೀಬಹುದು."

"ಕೀಳಿಸಿದರೆ ಸರಿಯಾಗ್ತದಾ?"

"ಆಗ್ತದೆ. ಆದರೆ ಅನಸ್ತೇಶಿಯಾ ಕೊಟ್ಟು ಪೂರ್ತಿ ಮತ್ತು ಬರಿಸಬೇಕು. ವಯಸ್ಸಾಗಿದೆ, ಹೃದಯದಲ್ಲಿ ಸಣ್ಣ ಸದ್ದು ಕೇಳ್ತದೆ. ಅಪಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ನಾಯಿ ನಿಮ್ಮದೇ ಅಲ್ವಾ?"

ನಾನು ಗಂಡನ ಮುಖ ನೋಡಿದೆ. ಅಕ್ಕನ ಆಪರೇಷನ್ ಮರುದಿನಕ್ಕೆ ನಿಗದಿಯಾಗಿತ್ತು. ಬಿಪಿ ಏರಿ ಎರಡು ಸಲ ಮುಂದೂಡಿದ್ದರು. ಹೊರಗೆ ಬಂದು ನಾಯಿಯನ್ನು ವ್ಯಾನಿಗೆ ಹತ್ತಿಸಿದಾಗ ಗಂಡ ಹೇಳಿದರು, "ಈಗ ಅಕ್ಕನಿಗೆ ಹೇಳಿದರೆ ಬಿಪಿ ಪುನಃ ಏರ್ತದೆ. ಹೇಳದೆ ಮಾಡಿಸಿ ಈ ನಾಯಿ ಸತ್ತರೆ ಜನ್ಮದಲ್ಲಿ ನಮ್ಮ ಹತ್ತಿರ ಮಾತಾಡ್ಲಿಕ್ಕಿಲ್ಲ."

"ಮಾಡಿಸದಿದ್ದರೆ?"

"ನೀನೇ ಹೇಳು. ನಿನ್ನ ಅಕ್ಕ."

ವ್ಯಾನಿನ ಕಿಟಕಿಯಿಂದ ನಾಯಿ ನನ್ನನ್ನೇ ನೋಡುತ್ತಿತ್ತು. ಬಾವು ಬಂದ ಕಣ್ಣು ಅರ್ಧ ಮುಚ್ಚಿತ್ತು. ಇಷ್ಟು ದಿನ ನನ್ನ ಪರವಾಗಿ ತೀರ್ಮಾನಗಳನ್ನೆಲ್ಲ ಮಾಡಿದವಳು ಅಕ್ಕ. ಅವಳ ಪರವಾಗಿ ನಾನು ಒಂದು ಸೀರೆಯನ್ನೂ ಆರಿಸಿದವಳಲ್ಲ. ಒಳಗೆ ಹೋಗಿ, ಆಗಲಿ, ಕೀಳಿಸಿ ಎಂದೆ.

ಹಾಗಾಗಿ ಆ ವಾರದಲ್ಲಿ ಇಬ್ಬರಿಗೂ ಆಪರೇಷನ್ ಆಯಿತು, ಮೊದಲು ಅಕ್ಕನಿಗೆ, ಅವಳು ವಾರ್ಡಿಗೆ ಬಂದ ಮೇಲೆ ನಾಯಿಗೆ. ಎರಡು ಕಡೆಯೂ ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತದ್ದು ಒಂದೇ ರೀತಿ. ನಾಯಿಯ ಡಾಕ್ಟರು ಹೊರಗೆ ಬಂದು, "ಎದ್ದಿದೆ, ಆಂಟಿ," ಎಂದಾಗ ನಾನು ಅತ್ತುಬಿಟ್ಟೆ. ಮುಟ್ಟಿಯೂ ನೋಡದ ನಾಯಿಗಾಗಿ ಅತ್ತೆನೋ, ಅಕ್ಕನಿಗೆ ಏನು ಉತ್ತರ ಕೊಡುವುದೆಂಬ ಭಯ ಇಳಿದದ್ದಕ್ಕೆ ಅತ್ತೆನೋ, ಗೊತ್ತಿಲ್ಲ.

ಎದುರಿನ ಕೆಲವು ಬಿಟ್ಟು ಹೆಚ್ಚಿನ ಹಲ್ಲುಗಳನ್ನು ತೆಗೆದಿದ್ದರು. ಒಸಡಿಗೆ ತಾನಾಗಿ ಕರಗುವ ನೂಲಿನಿಂದ ಹೊಲಿಗೆ ಹಾಕಿದ್ದರು. ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು, "ಗಟ್ಟಿಯದ್ದು ಏನೂ ಬೇಡ. ಮುಳ್ಳು, ಮೂಳೆ, ಬಿಸ್ಕಿಟ್ ಯಾವುದೂ ಬೇಡ. ಮೆತ್ತಗಿನದ್ದು ಕೊಡಿ, ಬಿಸಿ ಇರಬಾರದು. ಆಡಲಿಕ್ಕೆ ಕೋಲು, ಹಗ್ಗ ಕೊಡಬೇಡಿ. ದವಡೆ ತೆಳು ಉಂಟಲ್ಲ, ಅದಕ್ಕೆ ಹೇಳುವುದು. ಮತ್ತೆ ನೋವಿನ ಮದ್ದನ್ನು ಖಾಲಿ ಹೊಟ್ಟೆಗೆ ಹಾಕಲೇಬೇಡಿ. ತಿಂದ ಮೇಲೆ ಮಾತ್ರ."

ಈ ಕೊನೆಯ ಮಾತು ಮುಂದೆ ನನ್ನ ಕುತ್ತಿಗೆಗೆ ಬಂತು.

ಮನೆಗೆ ತಂದ ರಾತ್ರಿ ಅದು ಮಂಪರಿನಲ್ಲಿತ್ತು. ಬೆಳಿಗ್ಗೆ ನಾನು ಗಂಜಿ ಮಾಡಿದೆ. ನಮ್ಮ ಕುಚ್ಚಲಕ್ಕಿ ಎಷ್ಟು ಬೆಂದರೂ ಅಗುಳು ಅಗುಳಾಗಿಯೇ ಉಳಿಯುತ್ತದೆ. ಆ ಅಗುಳು ಹಲ್ಲು ಕಿತ್ತ ಗುಂಡಿಯಲ್ಲಿ ಸಿಕ್ಕಿಕೊಂಡರೆ ಎಂದು ಮಿಕ್ಸಿಗೆ ಹಾಕಿ ಪಾಯಸದ ಹಾಗೆ ರುಬ್ಬಿದೆ. ಮೀನಿನವಳು ಸ್ಕೂಟರಿನಲ್ಲಿ ಬಂದಾಗ ಮುಳ್ಳು ಕಡಿಮೆಯೆಂದು ಕಾಣೆ ಮೀನು ತೆಗೆದುಕೊಂಡು, ಉಪ್ಪು ಖಾರ ಇಲ್ಲದೆ ಬೇಯಿಸಿ, ಬೆರಳಲ್ಲಿ ಒತ್ತಿ ಒತ್ತಿ ಮುಳ್ಳು ಹುಡುಕಿ ತೆಗೆದು ಕಲಸಿದೆ. ಬಟ್ಟಲನ್ನು ಮುಂದಿಟ್ಟೆ.

ನಾಯಿ ಮೂಸಿತು. ತುಟಿಯ ತುದಿ ಗಂಜಿಗೆ ತಾಗಿದ್ದೇ ತಡ ಸುಟ್ಟವರ ಹಾಗೆ ಹಿಂದೆ ಜಿಗಿದು ಹೊಲಿಗೆ ಮೆಶಿನಿನ ಕೆಳಗೆ ನುಗ್ಗಿತು. ಬಟ್ಟಲನ್ನು ಅಲ್ಲಿಗೇ ಸರಿಸಿದರೆ ಗುರ್ರೆಂದಿತು. ಮಧ್ಯಾಹ್ನಕ್ಕೆ ಮೊಸರಿನಲ್ಲಿ ಕಲಸಿಟ್ಟೆ. ಸಂಜೆ ಕೋಳಿಯ ಸಾರು ಇಟ್ಟೆ. ಮರುದಿನ ಮೊಟ್ಟೆ. ಯಾವುದಕ್ಕೂ ಬಾಯಿ ತೆರೆಯಲಿಲ್ಲ. ನೀರನ್ನು ಮಾತ್ರ, ನಾನು ಅಡಿಗೆಮನೆಗೆ ಹೋದಾಗ, ಕದ್ದು ಕುಡಿಯುತ್ತಿತ್ತು.

ನೋವಿದ್ದರಿಂದ ತಿನ್ನುತ್ತಿಲ್ಲ, ತಿನ್ನದೆ ನೋವಿನ ಮದ್ದು ಹಾಕುವಂತಿಲ್ಲ. ಫೋನು ಮಾಡಿ ಕೇಳಿದರೆ ಡಾಕ್ಟರು, "ನಾಳೆ ಕರ್ಕೊಂಡು ಬನ್ನಿ, ಇಂಜೆಕ್ಷನ್ ಕೊಡುವಾ. ಆದರೂ ತಿನ್ನದಿದ್ದರೆ ಕುತ್ತಿಗೆಯಲ್ಲಿ ಟ್ಯೂಬ್ ಹಾಕಿ ಆಹಾರ ಕೊಡಬೇಕಾದೀತು. ಅದಕ್ಕೆ ಪುನಃ ಮತ್ತು ಬರಿಸಬೇಕು," ಎಂದರು. ಗಂಡ ಸಿರಿಂಜಿನಲ್ಲಿ ಗಂಜಿನೀರು ತುಂಬಿ ಅದರ ತುಟಿಯ ಬದಿಗೆ ಹಿಡಿಯಲು ನೋಡಿದರು. ಅದು ಮಿಂಚಿನ ಹಾಗೆ ತಿರುಗಿ ಅವರ ತೋಳಿಗೆ ಬಾಯಿ ಹಾಕಿತು. ಉಳಿದ ಎದುರು ಹಲ್ಲುಗಳೇ ಅಂಗಿಯನ್ನು ಹರಿದು ಹಾಕಿದವು. ಚರ್ಮಕ್ಕೆ ತಾಗಲಿಲ್ಲ. ಆದರೆ ನಾನು ಗೋಡೆಗೆ ಒರಗಿ ಕಾಲಿನ ಆ ಹಳೆಯ ಜಾಗವನ್ನು ಹಿಡಿದುಕೊಂಡು ನಿಂತಿದ್ದೆ.

ಅದೇ ಮಧ್ಯಾಹ್ನ ನಾನು ಬಸ್ಸು ಹತ್ತಿ ಮಣಿಪಾಲಕ್ಕೆ ಹೋದೆ. ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಬಣ್ಣ ಬಂದಿತ್ತು. ನನ್ನನ್ನು ನೋಡಿದ್ದೇ ಕೇಳಿದಳು, "ಅದು ಉಂಡಿತಾ?"

ಇಷ್ಟು ದಿನ ಈ ಪ್ರಶ್ನೆಗೆ, "ಉಂಡಿತು," ಎನ್ನುತ್ತಿದ್ದೆ. ಆಗ ಅದು ನಿಜವೂ ಆಗಿತ್ತು. ಆ ದಿನ ಬಾಯಿ ಬರಲಿಲ್ಲ. ಅಕ್ಕ ನನ್ನ ಮುಖವನ್ನೇ ನೋಡಿದಳು. ನನ್ನನ್ನು ಬೆಳೆಸಿದವಳಲ್ಲವೇ.

"ಸತ್ತಿತಾ?" ಎಂದಳು.

"ಇಲ್ಲ ಅಕ್ಕ, ಇಲ್ಲ," ಎಂದು ಅವಳ ಮಂಚದ ಅಂಚಿಗೆ ಕೂತು ಎಲ್ಲವನ್ನೂ ಹೇಳಿದೆ. ಬಾವು, ಎಕ್ಸ್‌ರೇ, ತೆಳುವಾದ ದವಡೆ, ನಾನೇ ಒಪ್ಪಿ ಕೀಳಿಸಿದ್ದು, ಈಗ ತಿನ್ನದೆ ಇರುವುದು. ಪಕ್ಕದ ಮಂಚದ ಹೆಂಗಸು ಕೂಡ ಕಿವಿ ಕೊಟ್ಟು ಕೇಳುತ್ತಿದ್ದರು. ಅಕ್ಕ ಬಯ್ಯಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮತ್ತೆ ನನ್ನ ಕಡೆ ತಿರುಗಿ ಹೇಳಿದಳು, "ಮನೆಗೆ ಹೋಗಿ ಫೋನು ಮಾಡು. ನಾನು ಮಾತಾಡ್ತೇನೆ ಅದರ ಹತ್ತಿರ. ನಾನು ಹೇಳಿದರೆ ತಿಂತದೆ."

ನನಗೂ ಹಾಗೇ ಅನ್ನಿಸಿತು. ಬಸ್ಸಿನಲ್ಲಿ ಕಾಪುವಿಗೆ ವಾಪಸು ಬರುವಾಗ ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದುಕೊಂಡೆ. ಮನೆಗೆ ಬಂದು ಗಂಜಿ ಉಗುರುಬೆಚ್ಚಗೆ ಮಾಡಿ ಇಟ್ಟು, ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟೆ.

"ಬಾ ಮಗಾ, ಉಣ್ಣು ಮಗಾ," ಎಂದು ಅಕ್ಕನ ದನಿ ತುಳುವಿನಲ್ಲಿ ಬಂತು.

ನಾಯಿ ಮೆಶಿನಿನ ಕೆಳಗಿಂದ ಬಾಣದ ಹಾಗೆ ಹೊರಗೆ ಬಂತು. ಬಟ್ಟಲಿನ ಕಡೆ ಕಣ್ಣೂ ಹಾಯಿಸಲಿಲ್ಲ. ಮಂಚದ ಅಡಿ ಹುಡುಕಿತು, ಬಾಗಿಲ ಹಿಂದೆ ಹುಡುಕಿತು, ಅಂಗಳಕ್ಕೆ ಓಡಿ ಗೇಟಿನ ಸರಳುಗಳ ಮಧ್ಯೆ ಮೋರೆ ತುರುಕಿ ಊಳಿಡತೊಡಗಿತು. ಫೋನಿನಲ್ಲಿ ಅಕ್ಕ, "ಎಂತ ಆಯ್ತು? ಎಂತ ಆಯ್ತು ಅದಕ್ಕೆ?" ಎಂದು ಕೂಗುತ್ತಿದ್ದಳು. ನಾನು ಹೊರಗೆ ಓಡಿದಾಗ ಅದು ಸರಳನ್ನು ಬಾಯಲ್ಲಿ ಹಿಡಿದು ಎಳೆಯುತ್ತಿತ್ತು. ಗಟ್ಟಿಯದ್ದೇನೂ ಕಚ್ಚಬಾರದು ಎಂದಿದ್ದರು. ತುಟಿಯಿಂದ ರಕ್ತ ಬಿಳಿಯ ಎದೆಗೂದಲಿಗೆ ಇಳಿಯುತ್ತಿತ್ತು.

ಆ ಹೊತ್ತಿಗೆ ಗಂಡ ಅಂಗಡಿಯಲ್ಲಿದ್ದರು. ಮನೆಯಲ್ಲಿ ನಾನೊಬ್ಬಳೇ. ಒಣಗಲು ಹಾಕಿದ್ದ ಬೆಡ್‌ಶೀಟನ್ನು ಎಳೆದು ತಂದು ಅದರ ಮೇಲೆ ಹಾಕಿ, ಕಣ್ಣು ಮುಚ್ಚಿಕೊಂಡು, ಬಟ್ಟೆ ಸಮೇತ ಎರಡು ಕೈಯಲ್ಲೂ ಬಾಚಿ ಎತ್ತಿದೆ. ಅದರ ಎದೆ ನನ್ನ ಎದೆಗೆ ಒತ್ತಿ ದಡದಡ ಬಡಿಯುತ್ತಿತ್ತು. ಕಚ್ಚುತ್ತದೆ, ಈಗ ಕಚ್ಚುತ್ತದೆ ಎಂದುಕೊಂಡೇ ಒಳಗೆ ತಂದು ಬಾಗಿಲು ಹಾಕಿದೆ. ಕಚ್ಚಲಿಲ್ಲ. ಅಷ್ಟು ಹಗುರವಾಗಿತ್ತು ಅದು, ತೊಳೆದು ಹಿಂಡಿದ ಬಟ್ಟೆಯ ರಾಶಿಯಷ್ಟೇ ಭಾರ.

ಗಂಡ ಬಂದೊಡನೆ ಉಡುಪಿಗೆ ಓಡಿದೆವು. ಒಂದು ಹೊಲಿಗೆ ಬಿಚ್ಚಿತ್ತು. ದವಡೆ ಮುರಿದಿರಲಿಲ್ಲ. ಡಾಕ್ಟರು ನೋವಿನ ಇಂಜೆಕ್ಷನ್ ಕೊಟ್ಟರು, ಡ್ರಿಪ್ ಹಾಕಿದರು. "ಬಟ್ಟಲು ಕಂಡರೆ ಅದಕ್ಕೆ ನೋವು ನೆನಪಾಗ್ತದೆ, ಆಂಟಿ. ಬಟ್ಟಲೇ ಇಡಬೇಡಿ. ಸ್ವಲ್ಪ ಊಟವನ್ನು ಅದರ ಕಾಲಿಗೆ ಹಚ್ಚಿ ನೋಡಿ. ಕಾಲು ಗಲೀಜಾದರೆ ನೆಕ್ಕದೆ ಇರ್ಲಿಕ್ಕೆ ಅದಕ್ಕೆ ಆಗುವುದಿಲ್ಲ. ನಾಳೆ ಸಂಜೆಯೊಳಗೆ ಏನೂ ಹೋಗದಿದ್ದರೆ ಟ್ಯೂಬ್ ಹಾಕುವಾ."

"ಕಾಲು ಯಾರು ಹಿಡಿಯುವುದು?" ಎಂದು ಕೇಳಿದೆ.

ಡಾಕ್ಟರು ನನ್ನ ಕಡೆ ನೋಡಿದರು. ಗಂಡನೂ ನನ್ನ ಕಡೆಗೇ ನೋಡಿದರು. ಅವರ ಅಂಗಿಯ ಹರಿದ ತೋಳನ್ನು ನಾನೇ ಬೆಳಿಗ್ಗೆ ಹೊಲಿದು ಕೊಟ್ಟಿದ್ದೆ.

ಮರುದಿನ ಮೆಶಿನಿಗೆ ಬಟ್ಟೆ ಮುಚ್ಚಿ, ಗಿರಾಕಿಗಳಿಗೆ ಬರಬೇಡಿ ಎಂದು ಹೇಳಿ, ನೆಲದಲ್ಲಿ ಅದರಿಂದ ಒಂದು ಮೊಳ ದೂರದಲ್ಲಿ ಕೂತೆ. ಅದು ಗೋಡೆಯ ಬದಿಗೆ ಮುಖ ಮಾಡಿ ಮಲಗಿತ್ತು. ಪಕ್ಕೆಲುಬು ಕಾಣುತ್ತಿತ್ತು. ಕಾಣೆ ಮೀನಿನ ಗಂಜಿಯಲ್ಲಿ ಬೆರಳದ್ದಿ ಅದರ ಮುಂಗಾಲಿನ ಕಡೆ ಕೈ ಚಾಚಿದೆ. ಗುರ್ರೆಂದಿತು. ಕೈ ಹಿಂದಕ್ಕೆ ಬಂತು. ಮತ್ತೆ ಚಾಚಿದೆ, ಮತ್ತೆ ಹಿಂದಕ್ಕೆ ಎಳೆದುಕೊಂಡೆ. ಬೆರಳ ಮೇಲಿನ ಗಂಜಿ ಒಣಗಿತು. ನನಗೆ ನನ್ನ ಮೇಲೇ ಸಿಟ್ಟು ಬಂದು, "ನೋಡು ಮಾರಾಯಾ, ನನಗೂ ಹೆದರಿಕೆ, ನಿನಗೂ ಹೆದರಿಕೆ. ಹೀಗೆ ಕೂತರೆ ಸಾಯುವುದು ನೀನೇ," ಎಂದೆ. ಅದು ಕಿವಿಯನ್ನು ಮಾತ್ರ ಈ ಕಡೆ ತಿರುಗಿಸಿತು.

ಆಮೇಲೆ ನಾನು ಬೆರಳದ್ದಿ, ಗುರ್ರೆಂದರೂ ನಿಲ್ಲಿಸದೆ, ಅದರ ಪಾದದ ಬಿಳಿ ಕೂದಲಿನ ಮೇಲೆ ಉದ್ದಕ್ಕೆ ಸವರಿದೆ. ಅದರ ಮೂತಿ ನನ್ನ ಕೈಯ ಹತ್ತಿರವೇ ಇತ್ತು, ಬಿಸಿ ಉಸಿರು ಮಣಿಕಟ್ಟಿಗೆ ತಾಗುತ್ತಿತ್ತು. ನಾಯಿ ಗುರ್ರೆನ್ನುವುದನ್ನು ನಿಲ್ಲಿಸಿ ಕಾಲನ್ನು ನೋಡಿತು. ಕೊಡವಿತು. ಗಂಜಿ ಅಂಟಿಕೊಂಡೇ ಇತ್ತು. ಇನ್ನೊಮ್ಮೆ ಕೊಡವಿತು. ಕೊನೆಗೆ ತಲೆ ಬಗ್ಗಿಸಿ, ನಾಲಿಗೆಯ ತುದಿಯಿಂದ, ತುಂಬ ನಿಧಾನವಾಗಿ ಒಮ್ಮೆ ನೆಕ್ಕಿತು.

ಅದು ಕಾದು ನೋಡಿದ ಹಾಗಿತ್ತು, ನೋವು ಬರುತ್ತದಾ ಎಂದು. ಮತ್ತೊಮ್ಮೆ ನೆಕ್ಕಿತು. ಪಾದ ಶುಚಿಯಾಗುವವರೆಗೂ ನೆಕ್ಕಿತು. ಇನ್ನೊಂದು ಕಾಲಿಗೆ ಸವರಿದೆ, ಅದನ್ನೂ ನೆಕ್ಕಿತು. ಹಾಗೆ ಸವರುತ್ತ ಸವರುತ್ತ ಒಂದು ಸಲ ಕಾಲಿಗೆ ಹಚ್ಚುವ ಮೊದಲೇ ನಾಲಿಗೆ ನನ್ನ ಬೆರಳಿಗೆ ಬಂತು. ಕೈ ಎಳೆದುಕೊಳ್ಳಬೇಕೆಂದು ಮೈಯೆಲ್ಲ ಹೇಳಿತು. ಎಳೆದುಕೊಳ್ಳಲಿಲ್ಲ. ಒರಟು, ಬೆಚ್ಚಗಿನ, ಒದ್ದೆ ನಾಲಿಗೆ. ಅಂಗೈಯನ್ನು ದೋಣಿಯ ಹಾಗೆ ಮಾಡಿ ಗಂಜಿ ಸುರಿದೆ. ನನ್ನ ಬೆನ್ನ ಹಿಂದಿದ್ದ ಪಾತ್ರೆಯಲ್ಲಿದ್ದುದರಲ್ಲಿ ಅರ್ಧವನ್ನು ಅದು ನನ್ನ ಕೈಯಿಂದಲೇ ಉಂಡಿತು. ಆಗ ಮಾತ್ರ ಮದ್ದನ್ನು ಉಳಿದ ಗಂಜಿಯಲ್ಲಿ ಬೆರೆಸಿದೆ. ಅದೂ ಹೋಯಿತು.

ಡಾಕ್ಟರಿಗೆ ಫೋನು ಮಾಡಿ, "ಟ್ಯೂಬ್ ಬೇಡ," ಎಂದಷ್ಟೇ ಹೇಳಿದೆ. ಅಕ್ಕನಿಗೂ ಮಾಡಿದೆ. ಅವಳ ದನಿ ನಾಯಿಗೆ ಕೇಳಿಸಬಾರದೆಂದು ಬಾವಿಕಟ್ಟೆಯ ಹತ್ತಿರ ಹೋಗಿ ನಿಂತು ಮಾತಾಡಿದೆ. "ಉಂಡಿತು," ಎಂದೆ. ಆ ಕಡೆ ಅವಳು ಅಳುವುದು ಕೇಳಿಸಿತು. ಅಕ್ಕ ಅತ್ತದ್ದನ್ನು ನಾನು ಕೇಳಿದ್ದು ಅಮ್ಮ ಹೋದ ದಿನದ ನಂತರ ಅದೇ ಮೊದಲು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದೇನಲ್ಲ. ಬಟ್ಟಲಿನಿಂದ ಅದು ಬಹಳ ದಿನ ಉಣ್ಣಲಿಲ್ಲ. ಪ್ರತಿ ಹೊತ್ತಿಗೂ ನನ್ನ ಅಂಗೈಯೇ ಬೇಕು. ಕೆಲವು ದಿನ ನಾಲ್ಕು ತುತ್ತಿಗೆ ನಿಲ್ಲಿಸಿ ಮುಖ ತಿರುಗಿಸುತ್ತಿತ್ತು. ಬಾಯಲ್ಲಿ ಏನೋ ಜಗಿದ ಸದ್ದಾದರೆ ಓಡಿ ಬರುತ್ತಿದ್ದೆ. ಒಮ್ಮೆ ಅಂಗಳದಲ್ಲಿ ಕಾಗೆ ಬೀಳಿಸಿದ ಬಂಗುಡೆ ಮೀನಿನ ತಲೆಯನ್ನು ಅದು ಕಚ್ಚಿಕೊಂಡಿತ್ತು. ಹಿಂದೆ ಮುಂದೆ ನೋಡದೆ ಬಾಯಿಗೆ ಬೆರಳು ಹಾಕಿ ಕಿತ್ತು ತೆಗೆದೆ. ಕಿತ್ತ ಮೇಲೆ, ಏನು ಮಾಡಿದೆ ಎಂದು ಗೊತ್ತಾಗಿ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆಸ್ಪತ್ರೆಯಿಂದ ಅಕ್ಕ ನೇರ ನಮ್ಮ ಮನೆಗೆ ಬಂದಳು. ವಾಕರ್ ಹಿಡಿದು ಅಂಗಳ ದಾಟುವಾಗ ನಾಯಿ ಅವಳ ಕಾಲಿಗೆ ಸುತ್ತಿ ಬೀಳಿಸಿಬಿಟ್ಟೀತೆಂದು ಅದನ್ನು ನಾನು ಎತ್ತಿಕೊಂಡಿದ್ದೆ. ಅಕ್ಕ ನಿಂತಲ್ಲೇ ನಿಂತು ನನ್ನನ್ನೂ ನನ್ನ ಕಂಕುಳಲ್ಲಿದ್ದ ನಾಯಿಯನ್ನೂ ನೋಡಿದಳು. ಕುರ್ಚಿಯಲ್ಲಿ ಕೂತ ಮೇಲೆ ಅದನ್ನು ಮಡಿಲಿಗೆ ತೆಗೆದುಕೊಂಡು ತುಟಿ ಎತ್ತಿ ಒಸಡನ್ನು ಬಹಳ ಹೊತ್ತು ನೋಡಿದಳು.

"ನನ್ನನ್ನು ಒಂದು ಮಾತು ಕೇಳಬಹುದಿತ್ತು," ಎಂದಳು.

"ಕೇಳಬಹುದಿತ್ತು," ಎಂದೆ. "ಆದರೆ ನಾನು ಕೇಳುತ್ತಿರಲಿಲ್ಲ, ಅಕ್ಕ. ಪುನಃ ಹಾಗೇ ಆದರೂ ಕೇಳುವುದಿಲ್ಲ."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಆ ಮಧ್ಯಾಹ್ನ ತಾನೇ ಉಣಿಸುತ್ತೇನೆಂದು ಹಠ ಹಿಡಿದು ಗಂಜಿ ತರಿಸಿಕೊಂಡಳು. ನಾಯಿ ಹತ್ತಿರ ಬಂದು ಮೂಸಿ ಹಿಂದೆ ಸರಿಯಿತು. ಅಕ್ಕನ ಮುಖ ಸಣ್ಣದಾಯಿತು.

"ಬಿಸಿ ಹೆಚ್ಚಾಯ್ತು," ಎಂದೆ. "ಸ್ವಲ್ಪ ತಣಿಯಲಿ. ಮತ್ತೆ ಬೆರಳನ್ನು ಹಾಗೆ ಮುಂದೆ ತರಬೇಡ, ಅಂಗೈ ಕೆಳಗೆ ಹಿಡಿ. ಅದೇ ಬರ್ತದೆ."

ಅಕ್ಕ ನಾನು ಹೇಳಿದ ಹಾಗೆ ಮಾಡಿದಳು. ಇಬ್ಬರೂ ಕಾದೆವು. ನಾಯಿ ಬಂತು, ಅವಳ ಅಂಗೈಯಿಂದ ಉಂಡಿತು. ಉಂಡು ಮುಗಿಸಿ ತಲೆ ಎತ್ತಿದಾಗ, ಹಲ್ಲಿಲ್ಲದ ಬದಿಯಿಂದ ಅದರ ನಾಲಿಗೆ ಜಾರಿ ಹೊರಗೆ ಜೋತು ಬಿತ್ತು. ಅದನ್ನು ಒಳಗೆ ತೆಗೆದುಕೊಳ್ಳಬೇಕೆಂದು ಅದಕ್ಕೆ ಹೊಳೆಯಲೇ ಇಲ್ಲ. ಅಕ್ಕನಿಗೆ ನಗು ಬಂತು. ನಕ್ಕರೆ ಸೊಂಟ ನೋಯುತ್ತದೆ ಎನ್ನುತ್ತ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.